ನಮ್ಮ ಮನೆಯ ಚಹಾ ಮುಟ್ಟದ ಜಪಾನಿ ಕ್ಯಾಸೆಟ್ಟಿನ ಅಕ್ಕೋರಿಗೆ

ಮಾನ್ಯ ಅಕ್ಕೋರೇ,

ನೇಸರಗಿಯಿಂದ ಅನ್ನಪೂರ್ಣಾ ಮಾಡುವ ನಮಸ್ಕಾರಗಳು. ೧೯೯೭ರ ಈ ಶ್ರಾವಣದಲ್ಲಿ ನಾವೆಲ್ಲ ಕ್ಷೇಮ. ತಾವೂ ನಮ್ಮ ಟೇಪ್ ರೆಕಾರ್ಡರಿನೊಳಗೆ ಕ್ಷೇಮವಾಗಿರುವುದನ್ನು ದಿನಾ ಕೇಳಿ ತಿಳಿದಿದ್ದೇನೆ.

ಬೈಲಹೊಂಗಲದಲ್ಲಿ ಟೈಪಿಂಗ್ ಕಲಿಸುವ ನಾನು, ಬೆಳಗಾವಿಯ ಹಳೇ ಪುಸ್ತಕದ ಗಾಡಿಯಲ್ಲಿ ತಾವು ಜಪಾನಿ ಪಾಠ ಹೇಳುವ ಕ್ಯಾಸೆಟ್ಟನ್ನೂ ಅದರ ಜೊತೆಗಿನ ಇಂಗ್ಲಿಷ್ ಪುಸ್ತಕವನ್ನೂ ಕಂಡು, ಕಿತ್ತೂರಿನಿಂದ ರಾಮದುರ್ಗದವರೆಗೆ ಈ ಭಾಷೆ ಬಲ್ಲವರು ಯಾರೂ ಇಲ್ಲ, ತಪ್ಪಾಡಿದರೂ ಹಿಡಿಯುವವರಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಜಪಾನಿ ಕಲಿಯಲು ಕೂತೆ. ಅಬ್ಬಬ್ಬಾ, ಏನು ಖುಷಿ! ಮೂರನೆಯ ದಿನವೇ ಎಮ್ಮೆಗೆ "ಓಹಾಯೋ" ಎಂದು ಬೆಳಗಿನ ನಮಸ್ಕಾರ ಹೇಳಿದೆ. ಅದು ಮೆಲುಕು ನಿಲ್ಲಿಸಿ ನನ್ನನ್ನು ನೋಡಿತು.

ಆದರೂ ತಮ್ಮ ಮೇಲೆ ನನ್ನದೊಂದು ತಕರಾರಿದೆ. ಒಂದು ವಾಕ್ಯ ಹೇಳಿ, ನಾನು ಅದನ್ನು ತಿರುಗಿ ಹೇಳಲೆಂದು ತಾವು ಕೃಪೆಮಾಡಿ ಸುಮ್ಮನಾಗುತ್ತೀರಲ್ಲ, ಆ ಬಿಡುವು ನಮ್ಮ ಅತ್ತೆ ಸುಂದರವ್ವನವರ ಒಂದು ಮಾತಿಗೆ ಸರಿಯಾಗಿ ಸಾಲುತ್ತದೆ. ಮನೆಗೆ ಬಂದವರ ಮಾತಿಗೆ ಉತ್ತರ ಕೊಡದಿರುವುದು ಅವರಿಂದಾಗದು. ನಾನು ಅರ್ಥ ಹೇಳಿಕೊಟ್ಟ ತಪ್ಪಿಗೆ, ತಾವು ಇದು ಪೆನ್ಸಿಲ್ಲು ಎಂದೊಡನೆ ಅವರು ಒಲೆಯ ಮುಂದಿನಿಂದಲೇ "ಹೌದ್ರಿ, ಪೆನ್ಸಿಲ್ಲ ಐತಿ. ಚಾ ಕುಡೀರಿ" ಎನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ತಾವು ಕುರ್ಚಿಗೆ ಹೋಗಿರುತ್ತೀರಿ. ಪೆನ್ಸಿಲ್ಲು ಪೆನ್ಸಿಲ್ಲೇ ಹೌದೋ ಎಂದು ಹತ್ತು ಸಲ ಕೇಳಿಯೂ ಬೇಸರಿಸದ, ಕರೆಂಟು ಹೋದರೆ ಅರ್ಧ ಮಾತಿಗೇ ನಿಂತು, ಬಂದೊಡನೆ ಮುನಿಸಿಲ್ಲದೆ ಉಳಿದರ್ಧ ಹೇಳುವ ಮಹಾತಾಯಿ ತಾವು. ಒಂದು ಮಧ್ಯಾಹ್ನ ಪೆಟ್ಟಿಗೆಯಿಂದ ಹೊರಬಂದು ಆ ಚಹಾ ಕುಡಿದು ಒಳಗೆ ಹೋಗಬಾರದೇ?

ತಾವು ಹೊರಬಾರದ್ದರ ಫಲ ಕೇಳಿ. ಟೇಪ್ ರೆಕಾರ್ಡರು ಅತ್ತೆಯ ತವರಿನದು, ಆದ್ದರಿಂದ ಅವರ ಮಾತೇ ಕಾಯಿದೆ. "ನೂಲ ಹುಣ್ಣಿವಿ ತನಕ ನೋಡತೇನಿ. ಮನ್ಯಾಗ ಉಪಯೋಗಕ್ಕ ಬರೂ ಒಂದ ಮಾತ ಕಲೀಲಿಲ್ಲಂದ್ರ, ಆ ಕ್ಯಾಸೆಟ್‌ನ್ಯಾಗ ನಮ್ಮ ಓಣಿ ಬಸಯ್ಯನ ಭಜನಿ ತುಂಬಸ್ತೇನಿ" ಎಂದುಬಿಟ್ಟರು. ಬಸಯ್ಯನವರ ಕಂಠದಡಿ ತಾವು ಅಳಿಸಿಹೋಗುವುದನ್ನು ನೆನೆದು ಅತ್ತುಬಿಟ್ಟೆ, ಸುಳ್ಳಲ್ಲ. ಪೆನ್ಸಿಲ್ಲು, ಕುರ್ಚಿ, ರೈಲು ನಿಲ್ದಾಣ ಎಲ್ಲವನ್ನೂ ಒಪ್ಪಿಸಿದೆ. ನೇಸರಗಿಗೆ ರೈಲೇ ಇಲ್ಲವೆಂದು ಅವನ್ನೆಲ್ಲ ತಳ್ಳಿಹಾಕಿದರು.

ಹುಣ್ಣಿವೆಯ ಬೆಳಿಗ್ಗೆ ಸೋತ ಮುಖದಲ್ಲಿ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟವಳ ಬಾಯಿಂದ, ತಮ್ಮ ಒಂಬತ್ತನೆಯ ಪಾಠದ, ಮನೆ ಬಿಡುವಾಗ ಹೇಳುವ ಮಾತು ತಾನಾಗಿ ಬಂತು: "ಇತ್ತೆಕಿಮಾಸ್." ರೊಟ್ಟಿ ಬಡಿಯುತ್ತಿದ್ದ ಅತ್ತೆ ತಿರುಗಿಯೂ ನೋಡದೆ, ಒಳಗಿದ್ದವರು ಕೊಡಬೇಕಾದ, ಹೋಗಿ ಬಾ ಎಂಬ ಉತ್ತರವನ್ನು ತಮ್ಮದೇ ರಾಗದಲ್ಲಿ ಕೊಟ್ಟರು: "ಇತ್ತೆರಶ್ಶಾಯ್!" ನಾನು ಹೊಸ್ತಿಲಲ್ಲೇ ನಿಂತೆ. "ಅವರೂ ನಮ್ಮಂಗ ಹೋಗಿ ಬರತೇನಿ ಅಂತಾರಲ್ಲವಾ, ಛಲೋ ಮಂದಿ. ಕ್ಯಾಸೆಟ್‌ನ್ಯಾಗ ಆಕೀನ ಇರ್ಲಿ ಬಿಡು" ಎಂದರು. ಕುಣಿಯುತ್ತಾ ಓಡಿದರೂ ಬಸ್ಸು ಸಿಗಲಿಲ್ಲ.

ಇಂತಿ, ತಮ್ಮ ವಿಶ್ವಾಸಿ, ಈಗ ಮನೆಯಲ್ಲೇ ಎರಡನೇ ನಂಬರಿಗೆ ಇಳಿದಿರುವ ವಿದ್ಯಾರ್ಥಿನಿ,
ಅನ್ನಪೂರ್ಣಾ

ತಾ.ಕ.: ತಾವು ಮಾತ್ರ ಎರಡನೇ ಬದಿ ಮುಗಿದೊಡನೆ ಟಕ್ಕೆಂದು, ಹೇಳದೆ ಕೇಳದೆ ಹೊರಟುಹೋಗುತ್ತೀರಿ. ಅತ್ತೆ ದಿನಾ ಕೇಳುತ್ತಾರೆ: "ಊರಿಗೆಲ್ಲ ಕಲಸ್ತಾಳ, ಹೋಗಿ ಬರತೇನಿ ಅನ್ನಾಕ ಆಕೀಗೇ ಬರೂದಿಲ್ಲೇನ?"