ಹಳದಿ ಕ್ಯಾಸೆಟ್ಟೂ ಊದಬಾರದೆಂಬ ನನ್ನ ಸಿದ್ಧಾಂತವೂ

ವಿಡಿಯೋ ಗೇಮಿನ ಕ್ಯಾಸೆಟ್ ಶುರುವಾಗದಿದ್ದರೆ ಬಾಯಿಂದ ಊದಬಾರದು. ಇದು ನನ್ನ ಸಿದ್ಧಾಂತ. ಉಸಿರಿನಲ್ಲಿ ತೇವ ಇರುತ್ತದೆ, ತೇವದಿಂದ ಕ್ಯಾಸೆಟ್ಟಿನ ಲೋಹದ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ. ಊದಿದ ಮೇಲೆ ಆಟ ಶುರುವಾದರೆ ಅದು ಊದಿದ್ದರ ಫಲವಲ್ಲ, ತೆಗೆದು ಮತ್ತೆ ಹಾಕಿದ್ದರ ಫಲ. ಕಾಗೆ ಕೂತಿತು, ಟೊಂಗೆ ಮುರಿಯಿತು, ಅಷ್ಟೇ. ಈ ಬಗೆಯ ತರ್ಕದಿಂದಲೇ ನಾನು ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಕಪ್ಪುಗಳನ್ನು ಗೆದ್ದವಳು. ಅವುಗಳಲ್ಲಿ ಅವ್ವ ಈಗ ಸಾಸಿವೆ, ಜೀರಿಗೆ ಇಡುತ್ತಾಳೆ.

ಆದರೆ ಜೀವನದಲ್ಲಿ ಒಬ್ಬರನ್ನು ಮಾತ್ರ ನಾನು ಗೆದ್ದಿರಲಿಲ್ಲ. ಅಕ್ಕನನ್ನು. ಅದೂ ಚರ್ಚೆಯಲ್ಲಲ್ಲ, ಟಿವಿಗೆ ಜೋಡಿಸಿ ಆಡುವ ಕುಸ್ತಿ ಆಟದಲ್ಲಿ. ಚಿಕ್ಕವರಿದ್ದಾಗ ಕ್ಯಾಸೆಟ್ ಹಾಕುವ ಹಕ್ಕು ಅವಳದು, ಸೋಲುವ ಹಕ್ಕು ನನ್ನದು. ಈ ಪಂಚಮಿಗೆ ಅವಳು ಕೊಣ್ಣೂರಿನ ಗಂಡನ ಮನೆಯಿಂದ ಅಬ್ಬಿಗೇರಿಗೆ ಬಂದಾಗ, ಹಳೇ ಲೆಕ್ಕ ಚುಕ್ತಾ ಮಾಡಿಯೇ ಕಳಿಸಬೇಕೆಂದು ಅಟ್ಟದ ಮೇಲಿಂದ ಆ ಗೇಮಿನ ಪೆಟ್ಟಿಗೆಯನ್ನೂ ಹಳದಿ ಕ್ಯಾಸೆಟ್ಟನ್ನೂ ಇಳಿಸಿದೆ.

ಅಷ್ಟರಲ್ಲಿ ಭಾವನ ಫೋನು ಬಂತು. "ಹೊಳಿ ಏರಾಕತ್ತೈತಿ. ಪೂಲಿನ ಮ್ಯಾಲೆ ನೀರು ಬರೂದ್ರಾಗ ದಾಟಬೇಕು. ಮಧ್ಯಾಹ್ನನ ಕರಕೊಂಡು ಹೋಗ್ತೀನಿ."

ಅಂದರೆ, ಸೇತುವೆ ಮುಳುಗುವ ಮೊದಲು ನನಗೆ ಉಳಿದದ್ದು ಒಂದು ಬೆಳಗು. ಅಕ್ಕ ಪಕ್ಕದ ಮನೆಯ ಬೇವಿನ ಮರದ ಜೋಕಾಲಿ ಆಡಲು ಹೋದಳು. ನಾನು ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ. ಪರದೆ ನೀಲಿ. ಬರೀ ನೀಲಿ.

"ಊದ ಯವ್ವಾ," ಎಂದಳು ಅವ್ವ ಒಳಗಿನಿಂದ.

"ಊದೂದು ಮೂಢನಂಬಿಕಿ."

"ಒಲಿ ಊದಿದ್ರ ಉರೀತೈತಲ್ಲ, ಅದೂ ಮೂಢನಂಬಿಕಿನ?"

ಅಸಂಗತ ಹೋಲಿಕೆಗಳಿಗೆ ಉತ್ತರ ಕೊಡಬಾರದೆಂಬುದು ಚರ್ಚೆಯ ಮೊದಲ ನಿಯಮ.

ವೈಜ್ಞಾನಿಕ ವಿಧಾನ ಬೇರೆಯೇ ಇದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಬೇಕು. ಉಜ್ಜಿದೆ. ರಬ್ಬರಿನ ಪುಡಿ ಉದುರುವ ಬದಲು ಹಲ್ಲುಗಳಿಗೆ ಮೆತ್ತಿಕೊಂಡು ಕೂತಿತು. ಬೆರಳಲ್ಲಿ ಮುಟ್ಟಿದರೆ ಜಿಡ್ಡು. ಮೂಸಿದರೆ ಗುರುತಿನ ವಾಸನೆ.

"ಅವ್ವಾ, ಇದಕ್ಕೇನು ಹಚ್ಚಿದಿ?"

"ಔಡಲೆಣ್ಣಿ. ತೊಗರಿಬ್ಯಾಳಿಗೆ ಹಚ್ಚಿಡೂದಿಲ್ಲೇನು, ನುಸಿ ಹತ್ತಬಾರ್ದಂತ? ಹಂಗ."

"ಕ್ಯಾಸೆಟ್ಟಿಗೆ ನುಸಿ ಹತ್ತತೈತೇನವ್ವಾ?"

"ಹತ್ತೈತೇನು ನೋಡು ಮತ್ತ?"

ಹತ್ತಿರಲಿಲ್ಲ. ವಾದದಲ್ಲಿ ಒಂದು ಅಂಕ ಅವ್ವನಿಗೆ ಹೋಯಿತು.

ಕೊರೊನಾ ಕಾಲದ ಸ್ಯಾನಿಟೈಸರ್ ಹುಡುಕಿ ತಂದು, ಹತ್ತಿಯಲ್ಲಿ ಅದ್ದಿ ಒರೆಸಿದೆ. ಹರಳೆಣ್ಣೆ ಬಿಟ್ಟಿತು. ಹತ್ತಿ ಬಿಡಲಿಲ್ಲ. ಎಳೆಗಳು ಹಲ್ಲಿಗೆ ಸಿಕ್ಕಿ ಕ್ಯಾಸೆಟ್ಟಿಗೆ ಬಿಳಿ ಮೀಸೆ ಬಂತು. ಈಗ ಮೀಸೆಯನ್ನೂ ಪುಡಿಯನ್ನೂ ಹಾರಿಸಬೇಕು. ಹಾರಿಸಲು ಗಾಳಿ ಬೇಕು. ಬಾಯಿ ಇದೆ, ಸಿದ್ಧಾಂತವೂ ಇದೆ. ಪಕ್ಕದ ಮನೆಯ ಅರಿವೆ ವ್ಯಾಪಾರಿ ರಾಜೇಸಾಬ ಕಾಕಾನ ಸೈಕಲ್ ಪಂಪು ಕೇಳಿ ತಂದೆ. ಪಂಪಿನ ಹಿಂದೆಯೇ ಕಾಕಾನೂ ಬಂದ.

"ಬಾಯಿಲೆ ಊದಿದ್ರ ಮೂಢನಂಬಿಕಿ, ಪಂಪಲೆ ಊದಿದ್ರ ವಿಜ್ಞಾನ. ಹೌದಿಲ್ಲೋ ಬೇಟಿ?"

"ಪಂಪಿನ ಗಾಳಿ ಒಣಾ ಇರತೈತಿ ಕಾಕಾ. ಉಸರಿನ್ಯಾಗ ತೇವ ಇರತೈತಿ."

"ಇರಲಿ ಇರಲಿ. ನೀ ಹೊಡಿ, ನಾ ಹಿಡೀತೀನಿ."

ಕಾಕಾ ಕ್ಯಾಸೆಟ್ ಹಿಡಿದ. ನಾನು ಮೈಯೆಲ್ಲ ಭಾರ ಹಾಕಿ ಪಂಪು ಹೊಡೆದೆ. ಪಂಪಿನೊಳಗೆ ಬಹುಕಾಲದಿಂದ ವಾಸವಿದ್ದ ಕರಿ ಮಣ್ಣಿನ ಧೂಳು ಒಮ್ಮೆಲೇ ಹೊರಬಂದು ಕ್ಯಾಸೆಟ್ಟಿಗೂ, ಹಬ್ಬದ ದಿನ ಇಸ್ತ್ರಿ ಮಾಡಿದ ಕಾಕಾನ ಬಿಳಿ ಅಂಗಿಗೂ ಸಮನಾಗಿ ಹಂಚಿಹೋಯಿತು.

"ಒಣಾ ಐತಿ, ಖರೇ," ಎಂದ ಕಾಕಾ.

ಎಲ್ಲವನ್ನೂ ಮತ್ತೆ ಒರೆಸಿ, ಬಿಸಿಲಿಗಿಟ್ಟು, ಹಲ್ಲುಗಳು ಹೊಸ ತಂಬಿಗೆಯಂತೆ ಹೊಳೆಯತೊಡಗಿದ ಮೇಲೆ ಕ್ಯಾಸೆಟ್ ಹಾಕಿದೆ. ನೀಲಿ. ಆಕಾಶದಲ್ಲಿ ಕೂಡ ಆ ಶ್ರಾವಣದಲ್ಲಿ ಅಷ್ಟು ನೀಲಿ ಇರಲಿಲ್ಲ.

ಅಷ್ಟೊತ್ತಿಗೆ ಅಕ್ಕ ಜೋಕಾಲಿ ಮುಗಿಸಿ, ಕಡಕ್ ಸಜ್ಜೆ ರೊಟ್ಟಿ ಮುರಿದು ತಿನ್ನುತ್ತ ಬಂದಳು. ಕ್ಯಾಸೆಟ್ ಹಿಡಿದು ಅಲ್ಲಾಡಿಸಿದಳು.

"ಸಡ್ಲ ಆಗೇತಲ್ಲೇ ಖೋಡಿ. ಹಿಂದ ಏನರ ಸಿಗಿಸಬೇಕು. ನಾ ಯಾವಾಗ್ಲೂ ಸಿಗಿಸ್ತಿದ್ದೆ."

"ನನಗ್ಯಾಕ ಹೇಳಲಿಲ್ಲ?"

"ನೀ ಕೇಳಾಕೆಲ್ಲಿ ಬಂದಿ? ಯಾವಾಗ್ಲೂ ಹೇಳಾಕ ಬರ್ತಿದ್ದಿ."

ಕೈಯಲ್ಲಿದ್ದ ರೊಟ್ಟಿಯ ಒಂದು ತುಣುಕು ಮುರಿದು ಕ್ಯಾಸೆಟ್ಟಿನ ಹಿಂದಿನ ಸಂದಿಯಲ್ಲಿ ತುರುಕಿದಳು. ಕ್ಯಾಸೆಟ್ ಬಿಗಿಯಾಯಿತು. ಪರದೆಯ ಮೇಲೆ ಇಬ್ಬರು ಪೈಲ್ವಾನರು ತೊಡೆ ತಟ್ಟಿಕೊಂಡು ಎದ್ದು ನಿಂತರು. ಊದದೆಯೇ ಶುರುವಾಯಿತೆಂದು ನಾನು ಸಭೆಯ ಗಮನಕ್ಕೆ ತಂದೆ. ಸಭೆ, ಅಂದರೆ ಅವ್ವ ಮತ್ತು ಕಾಕಾ, ಅಕ್ಕನನ್ನು ಮಾತ್ರ ನೋಡುತ್ತಿತ್ತು.

ಆಟಕ್ಕೆ ಕೂತೆವು. ನಡುವೆ ಪೆಟ್ಟಿಗೆ, ಅದಕ್ಕೆ ತಾಗಿದಂತೆ ರೊಟ್ಟಿ, ಶೇಂಗಾ ಚಟ್ನಿಯ ತಾಟು. ಮದುವೆಯಾಗಿ ಅಕ್ಕನ ಬೆರಳುಗಳ ರೂಢಿ ತಪ್ಪಿತ್ತು. ನೋಡನೋಡುತ್ತಿದ್ದಂತೆ ಅವಳ ಪೈಲ್ವಾನ ಮಂಡಿಯೂರಿದ. ಅವನ ಜೀವದ ಕೆಂಪು ಪಟ್ಟಿ ಎಳ್ಳಷ್ಟು ಉಳಿದಿತ್ತು. ಇನ್ನೊಂದೇ ಏಟು. ಹೊರಗೆ ಭಾವನ ಬೈಕಿನ ಹಾರ್ನು ಕೇಳಿಸಿತು.

ಗೆಲುವು ಖಚಿತವಾದಾಗ ನನಗೆ ಹಸಿವಾಗುತ್ತದೆ. ಪರದೆಯಿಂದ ಕಣ್ಣು ಕೀಳದೆ ಕೈ ಚಾಚಿದೆ. ಕೈಗೆ ಸಿಕ್ಕ ತುಣುಕನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದೆ.

ಪರದೆ ನೀಲಿಯಾಯಿತು.

ಅಕ್ಕ ಕ್ಯಾಸೆಟ್ಟಿನ ಹಿಂದಿನ ಖಾಲಿ ಸಂದಿ ನೋಡಿದಳು. ಆಮೇಲೆ ನನ್ನ ದವಡೆ ನೋಡಿದಳು. "ತಿಂದ್ಯಾ?"

"ಹೊತ್ತಾತು ಬರ್ರೀ, ಹೊಳಿ ನಿಂದ್ರೂದಿಲ್ಲ," ಎಂದು ಭಾವ ಬಾಗಿಲಿನಿಂದ ಕೂಗಿದರು. ಅಕ್ಕ ನಗುತ್ತ ಎದ್ದು ಉಂಡಿಯ ಡಬ್ಬಿ ಎತ್ತಿಕೊಂಡಳು.

"ಊದ ಯವ್ವಾ, ಲಗೂ ಊದು," ಎಂದಳು ಅವ್ವ.

ಸಿದ್ಧಾಂತ ನೆನಪಾಯಿತು. ಮಂಡಿಯೂರಿದ್ದ ಪೈಲ್ವಾನನೂ ನೆನಪಾದ. ಕ್ಯಾಸೆಟ್ ಕಿತ್ತು, ಪೆಟ್ಟಿಗೆಯ ಖಾಲಿ ಸಂದಿಗೆ ಬಾಯಿಟ್ಟು ಎದೆ ತುಂಬ ಉಸಿರೆಳೆದು ಊದಿದೆ.

ಬಾಯಿ ತುಂಬ ರೊಟ್ಟಿಯಿತ್ತು.