ಆಯಿಯ ಹಿಡಿಜೋಳ, ಆಯಿಯ ಪ್ರಾರ್ಥನೆ

ಇಬ್ಬರು ಕೂಡಿದರೆ ಪ್ರಾರ್ಥನೆ ಶುರುವಾಗುತ್ತದೆ, ಮೂರನೆಯವನು ಬಂದರೆ "ಇವನ್ಯಾಕೆ ಬಂದ?" ಎಂಬ ಗುಸುಗುಸು ಶುರುವಾಗುತ್ತದೆ. ಕ್ರೈಸ್ತ ಸಭೆಗಳಲ್ಲಿ ಉಪದೇಶಕನಾಗಿ ಊರೂರು ತಿರುಗಿದ ಇಷ್ಟು ವರ್ಷಗಳಲ್ಲಿ ಇದು ಒಂದು ಕಡೆಯೂ ತಪ್ಪಿದ್ದನ್ನು ನಾನು ಕಾಣೆ. ನಾನೂ ಏನು ಕಡಿಮೆಯವನಲ್ಲ. ಹಾಲಿನವಳ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುವ ಆಸಾಮಿ.

ಅರವತ್ತರ ದಶಕದ ನಡುಭಾಗದಲ್ಲಿ ಒಂದು ದಿನ ವಿಜಾಪುರದ ನಮ್ಮ ಪಾದ್ರಿಸಾಹೇಬರು ನನ್ನನ್ನು ಕರೆದು ತಿಕೋಟಾ ಮತ್ತು ಬಬಲೇಶ್ವರದ ಸಭೆಗಳನ್ನು ನನ್ನ ಕೊರಳಿಗೆ ಕಟ್ಟಿದರು.

"ಬಬಲೇಶ್ವರ ಹೆಂಗೋ ನಡದೈತಿ. ತಿಕೋಟಾ ಒಣಗಾಕತ್ತೈತಿ. ಐತವಾರ ಹತ್ತು ಮಂದಿ ಕೂಡೂದಿಲ್ಲ. ಕ್ರಿಸ್ಮಸ್ಸಿನೊಳಗ ಚೇತರಿಸಿಕೊಂಡ್ರ ಛಲೋ, ಇಲ್ಲಂದ್ರ ಅಲ್ಲಿ ಪ್ರಾರ್ಥನಿ ಮನಿ ಮುಚ್ಚೂಣು. ಬೇಕಾದವರು ಬಸ್ ಹತ್ತಿ ವಿಜಾಪುರಕ್ಕ ಬರ್ಲಿ," ಎಂದರು.

ನನಗೆ ಕೂಡಲೇ ಸಂಶಯ ಬಂತು. ವಿಜಾಪುರದಲ್ಲಿ ನನ್ನ ಪ್ರಸಂಗ, ಅಂದರೆ ಭಾನುವಾರದ ಉಪದೇಶ, ಉದ್ದವಾಗುತ್ತದೆ ಎಂದು ಹಿರಿಯರು ದೂರು ಕೊಟ್ಟಿದ್ದರು. ತಿಕೋಟಾದವರನ್ನು ಚೇತರಿಸಲಿಕ್ಕೋ, ವಿಜಾಪುರದವರನ್ನು ಚೇತರಿಸಲಿಕ್ಕೋ, ನನ್ನನ್ನು ಯಾತಕ್ಕೆ ಕಳಿಸುತ್ತಿದ್ದಾರೆಂದು ಕೇಳುವ ಧೈರ್ಯ ಮಾತ್ರ ಆಗಲಿಲ್ಲ.

ಒಂದು: ತಲೆ ಎಣಿಸಲು ಹೋದದ್ದು

ಸಭೆ ಬೆಳೆಸಬೇಕೆಂದರೆ ಮೊದಲು ಅದು ಎಷ್ಟಿದೆ ಎಂದು ಗೊತ್ತಾಗಬೇಕಲ್ಲ. ಕಂಕುಳಲ್ಲಿ ಉದ್ದನೆಯ ಪುಸ್ತಕ, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ತಿಕೋಟಾದಲ್ಲಿ ಬಸ್ಸಿಳಿದೆ. ನಮ್ಮವರ ಕೇರಿಯ ಮೊದಲ ಮನೆಯ ಕಟ್ಟೆಯ ಮೇಲೆ ಮೀಸೆಯ ಗೃಹಸ್ಥನೊಬ್ಬ ಕೂತಿದ್ದ.

"ಈ ಮನ್ಯಾಗ ಗಂಡಸರು ಎಷ್ಟು ಮಂದಿ ಅದಾರ್ರಿ?" ಎಂದೆ.

ಅವನು ನನ್ನ ಪುಸ್ತಕ ನೋಡಿದ, ಪೆನ್ನು ನೋಡಿದ. "ಗಂಡಸರಾ? ಯಾರೂ ಇಲ್ರಿ."

"ಮತ್ತ ನೀವು?"

"ನಾ ಬೀಗರ ಮನಿಗೆ ಬಂದೇನ್ರಿ. ನಾಳೆ ಹೋಗಾಂವ."

ಎರಡನೆಯ ಮನೆಯಲ್ಲೂ ಗಂಡಸರಿಲ್ಲ. ಮೂರನೆಯ ಮನೆಯಲ್ಲಿ ನಾನು ಮುಂಬಾಗಿಲಿಗೆ ನಿಂತಾಗ ಹಿತ್ತಲ ಗೋಡೆ ಹಾರಿ ಯಾರೋ ದೊಪ್ಪೆಂದು ಬಿದ್ದ ಸದ್ದು ಕೇಳಿತು. ಸಂಜೆಗೆ ನನ್ನ ಪುಸ್ತಕದಲ್ಲಿ ಒಂಬತ್ತು ಹೆಂಗಸರು ಮಾತ್ರ ಇದ್ದರು. ಆ ತಿಂಗಳು ಮಕ್ಕಳಾಗದಂತೆ ಗಂಡಸರಿಗೆ ಆಪರೇಶನ್ ಮಾಡಿಸುವ ಸರಕಾರಿ ಮಂದಿ ಇಂಥದೇ ಪುಸ್ತಕ ಹಿಡಿದು ಸುತ್ತಲಿನ ಹಳ್ಳಿ ತಿರುಗುತ್ತಿದ್ದರೆಂದು ಆಮೇಲೆ ತಿಳಿಯಿತು.

ಮರುವಾರ ನಾನು ಸಭೆಯವನೆಂದು ಎಲ್ಲರಿಗೂ ಗೊತ್ತಾಯಿತು. ಅದರ ಜೊತೆಗೆ ಸಭೆಯ ಮೂಲಕ ಅಮೆರಿಕಾದ ಹಾಲಿನ ಪುಡಿ ಹಂಚುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದರು. ಅದೇ ಕೇರಿ, ಅದೇ ಮನೆಗಳು. ಈ ಸಲ ಅರವತ್ತೆಂಟು! ಬೀಗರ ಮನೆಗೆ ಬಂದಿದ್ದ ಗೃಹಸ್ಥ ಈಗ ಯಜಮಾನನಾಗಿ ಹದಿನಾಲ್ಕು ತಲೆ ಬರೆಸಿದ. ಕೆಂಪು ಲಂಗದ ಒಂದು ಹುಡುಗಿ ಮೂರು ಮನೆಯಲ್ಲಿ ಎದುರಾಗಿ ಮೂರು ಹೆಸರು ಹೇಳಿದಾಗ ನಾನು ತಡೆದೆ.

"ಖರೇ ಹೇಳು, ನೀ ಯಾರ ಮನಿ ಹುಡುಗಿ?"

"ಯಾರ ಮನಿಗೆ ಪುಡಿ ಕೊಡ್ತೀರಿ, ಅವರ ಮನೀದ್ರಿ," ಎಂದಿತು ಕೂಸು.

ನಾನು ಎರಡೂ ಎಣಿಕೆಯನ್ನು ಪ್ರಾಮಾಣಿಕವಾಗಿ ವಿಜಾಪುರಕ್ಕೆ ಬರೆದು ಕಳಿಸಿದೆ. ಪಾದ್ರಿಸಾಹೇಬರಿಂದ ಒಂದೇ ಸಾಲಿನ ಕಾರ್ಡು ಬಂತು: "ಯೇಸುವಿನ ಅಪೊಸ್ತಲರ ಕಾಲದಲ್ಲೂ ಸಭೆ ಒಂದೇ ವಾರದಲ್ಲಿ ಇಷ್ಟು ಜೋರಾಗಿ ಬೆಳೆದದ್ದನ್ನು ಓದಿಲ್ಲ."

ಎರಡು: ಆಯಿಯ ಸಂಶಯ

ಇದನ್ನೆಲ್ಲ ಪ್ರಾರ್ಥನಾ ಮನೆಯ ಹೊಸ್ತಿಲ ಮೇಲೆ ಕೂತು ಒಬ್ಬ ಮುದುಕಿ ನೋಡುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಆ ಮನೆಯ ಮಣ್ಣಿನ ಗೋಡೆಗಳನ್ನು ಅವಳ ಗಂಡ ತಾನೇ ನಿಂತು ಏರಿಸಿದ್ದ. ಅವನು ತೀರಿಕೊಂಡ ಮೇಲೆ ಮಕ್ಕಳಿಲ್ಲದ ಆಯಿ ದಿನಾ ಅದರ ಕಸ ಹೊಡೆದು, ಸಾರಿಸಿ, ದೀಪ ಒರೆಸುತ್ತ ಬಂದಿದ್ದಳು.

"ಎಣಸಾಕ ಬಂದಾಂವ, ಯಾಕ ಬಂದೀ ಅಂತ ಇನ್ನೂ ಹೇಳಿಲ್ಲಲ್ಲೋ ಮಾಸ್ತರ," ಎಂದಳು.

ಅವಳ ಕಣ್ಣಿಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ. ಕ್ರಿಸ್ಮಸ್ಸಿನ ಗಡುವು ಹೇಳಿಬಿಟ್ಟೆ. ಆಯಿ ಗೋಡೆಯನ್ನೊಮ್ಮೆ ಸವರಿದಳು.

"ಮಂದಿ ಮುಂದ ಇದನ್ನ ಆಡಬ್ಯಾಡ," ಎಂದಳು. "ಆಡಿದ್ರ, ಇಂವನೇ ಇದನ್ನ ಮುಚ್ಚಸಾಕ ಬಂದಾನ ಅಂತ ತಿಳೀತಾರ."

"ನಿನಗ ಹಂಗ ಅನಸೂದಿಲ್ಲಲ್ಲ ಆಯಿ?"

"ನನಗ ಮೊದಲನ ದಿನಾನ ಅನಿಸೈತಿ," ಎಂದು ಎದ್ದು ಹೋದಳು.

ಮೂರು: ಯಾರ ಹಿಡಿ ದೊಡ್ಡದು?

ಜನ ಯಾಕೆ ಬರುತ್ತಿಲ್ಲ ಎಂದು ವಿಚಾರಿಸುತ್ತ ಹೋದರೆ ಎಲ್ಲ ದಾರಿಯೂ ಜೋಳದ ಗಡಿಗೆಗೇ ಬಂದು ನಿಂತಿತು. ನಮ್ಮ ಸಭೆಗಳಲ್ಲಿ ಒಂದು ಪದ್ಧತಿ ಉಂಟು. ದಿನಾ ರೊಟ್ಟಿಗೆ ಜೋಳ ತೆಗೆಯುವಾಗ ಮನೆಯಾಕೆ ಒಂದು ಹಿಡಿ ಬೇರೆ ಇಟ್ಟು, ಭಾನುವಾರ ಅದನ್ನು ಸಭೆಗೆ ತರುತ್ತಾಳೆ. ಅದು ಗತಿಯಿಲ್ಲದವರಿಗೆ ಹೋಗುತ್ತದೆ. ತಿಕೋಟಾದಲ್ಲಿ ಈ ಹಿಡಿಯೇ ಹೊಡೆದಾಟಕ್ಕೆ ತಂದಿತ್ತು.

"ಆಕಿ ಹಿಡಿ ನೋಡೀರೇನ್ರಿ? ಇರಿವಿಗೆ ಸಕ್ಕರಿ ಹಾಕಿದಂಗ ಹಾಕ್ತಾಳ," ಎಂದಳು ಒಬ್ಬಳು.

"ಆಕಿ ಕೈ ದೊಡ್ಡದು, ಖರೇ. ಆದ್ರ ಬೆರಳ ಸಂದಿ ಬಿಟ್ಟುಕೊಂಡು ಹಿಡೀತಾಳ, ಅರ್ಧಾ ಸೋರತೈತಿ," ಎಂದಳು ಇನ್ನೊಬ್ಬಳು.

ಹೀಗೆ ಒಬ್ಬರ ಹಿಡಿಯ ಮೇಲೆ ಒಬ್ಬರಿಗೆ ಗುಮಾನಿ ಹುಟ್ಟಿ, ಹೆಂಗಸರು ಸಭೆ ಬಿಟ್ಟರು. ಹೆಂಗಸರು ಬಿಟ್ಟ ಮೇಲೆ ಗಂಡಸರಿಗೂ ಆರಾಮವಾಯಿತು.

ನಾನು ಎಲ್ಲರನ್ನೂ ಕೂಡಿಸಿ, ಒಂದು ಅಳತೆಯ ಬಟ್ಟಲು ಇಡೋಣ ಎಂದೆ. ಬಟ್ಟಲ ತಳಕ್ಕೆ ಮೇಣ ಮೆತ್ತಿದರೆ ಯಾರು ನೋಡುತ್ತಾರೆ ಎಂದು ಕೇಳಿದರು. ಕೊನೆಗೆ ಎಲ್ಲ ಮನೆಗೂ ಒಂದೇ ಕೈ ಇರಲಿ ಎಂದು ತೀರ್ಮಾನವಾಯಿತು. ಯಾರ ಕೈ? ಹೆಂಗಸರೆಲ್ಲ ಸಾಲಾಗಿ ಕೈ ಚಾಚಿ ನಿಂತರು. ದೊಡ್ಡ ಕೈ ಬೇಡ, ಮನೆಗೆ ಲುಕ್ಸಾನು. ಸಣ್ಣ ಕೈ ಬೇಡ, ದೇವರಿಗೆ ಲುಕ್ಸಾನು. ಆಯಿಯ ಕೈಗೆ ಮಾತ್ರ ಯಾರೂ ತಕರಾರು ತೆಗೆಯಲಿಲ್ಲ, ಪಕ್ಷ ವಹಿಸಲು ಅವಳಿಗೆ ಬಳಗವೇ ಇರಲಿಲ್ಲ.

ಮರುದಿನದಿಂದ ಒಲೆ ಹೊತ್ತುವ ಹೊತ್ತಿಗೆ ಆಯಿ ಗಡಿಗೆ ಹೊತ್ತು ಮನೆಮನೆಯ ಅಡಿಗೆ ಕೋಣೆಗೆ ಹೋಗತೊಡಗಿದಳು. ನಾನು ಬಾಡಿಗೆಗೆ ಹಿಡಿದ ಖೋಲಿಗೂ ಬಂದು, ನನ್ನ ಜೋಳದ ಡಬ್ಬಿಯಲ್ಲಿ ಕೈಯಾಡಿಸಿ ನೋಡಿದಳು.

"ಜೋಳಕ್ಕಿಂತ ಹುಳಾನ ಭಾಳ ಅದಾವಲ್ಲೋ ಮಾಸ್ತರ. ಜೋಳ ಒಯ್ತೇನಿ, ಹುಳಾ ನೀ ಇಟಗೋ."

ನಾಲ್ಕು: ಹೆಸರು ಹೇಳದ ಪ್ರಾರ್ಥನೆ

ಒಂದು ಹಿಡಿ ಜೋಳಕ್ಕೆ ಹೋದ ಆಯಿ ಎರಡು ಕಣ್ಣು ತುಂಬ ನೋಡಿಕೊಂಡು ಬರುತ್ತಾಳೆಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಆ ಭಾನುವಾರ ನಾನು, ಯಾರಾದರೂ ಬಾಯಿಬಿಟ್ಟು ಪ್ರಾರ್ಥಿಸಬಹುದು ಎಂದೆ. ಆಯಿ ಎದ್ದು ನಿಂತು ಕಣ್ಣು ಮುಚ್ಚಿದಳು.

"ತಂದೀ, ಬಾವಿ ಕಡೆ ಮನಿ ಸೊಸಿ, ತನ್ನ ಅತ್ತೀಗೆ ತಂಗಳ ರೊಟ್ಟಿ ಕೊಟ್ಟು ತಾ ಬಿಸಿದು ತಿಂತಾಳ. ಆಕಿ ಹೆಸರು ನಾ ಹೇಳೂದಿಲ್ಲ, ನಿನಗ ಗೊತ್ತೈತಿ."

ದೇವರಿಗೆ ಮಾತ್ರವಲ್ಲ, ಕೂತ ಹತ್ತೂ ಮಂದಿಗೆ ಗೊತ್ತಿತ್ತು. ಸೊಸೆ ಅಂದು ಬಂದಿರಲಿಲ್ಲ, ಮಧ್ಯಾಹ್ನದೊಳಗೆ ಸುದ್ದಿ ಮುಟ್ಟಿತು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು, ಅತ್ತೆಯನ್ನು ಪಕ್ಕದಲ್ಲೇ ಕೂಡಿಸಿಕೊಂಡು, ಆಯಿಗಿಂತ ಮುಂಚೆ ತಾನೇ ಎದ್ದಳು.

"ಕರ್ತನೇ, ಮಜ್ಜಿಗ್ಯಾಗ ನೆನಸಿದ ತಂಗಳ ರೊಟ್ಟೀನೇ ಬೇಕಂತ ಅತ್ತೀನೇ ಕೇಳ್ತಾಳ. ಅರ್ಧಾ ಸುದ್ದಿ ನಿನಗ ಮುಟ್ಟಸೋರನ್ನ ಕ್ಷಮಿಸು."

ಅಲ್ಲಿಗೆ ಕೇರಿಗೆಲ್ಲ ಒಂದು ತಿಳಿವಳಿಕೆ ಬಂತು. ಸಭೆಗೆ ಬಾರದವರ ಬಗ್ಗೆ ಏನು ಪ್ರಾರ್ಥನೆ ನಡೆಯುತ್ತದೋ ಹೇಳಲಾಗದು. ಬಂದು ಕೂತರೆ ಕಡೆಯ ಪಕ್ಷ ಉತ್ತರವಾದರೂ ಕೊಡಬಹುದು. ವಾರವಾರಕ್ಕೆ ಚಾಪೆ ಸಾಲದಾದವು. ಬಾವಿಯ ನೀರಿನ ಪಾಳಿಗೆ ಎರಡು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದು ಶನಿವಾರ ಸಂಜೆ ನನ್ನ ಮುಂದೆ ಬಂದು ಕೈ ಹಿಡಿದುಕೊಂಡರು. ನನಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಪವಿತ್ರಾತ್ಮನ ಕೆಲಸ ಎಂದೆ.

"ಅದೇನೋ ಗೊತ್ತಿಲ್ರಿ," ಎಂದ ಅಣ್ಣ. "ಮುಂಜಾನಿ ಆಯಿ ಗಡಿಗಿ ಹೊತ್ತು ಬಂದಾಕಿ ನಮ್ಮಿಬ್ಬರನ್ನೂ ನೋಡಿ 'ನಾಳೆ ಐತವಾರ' ಅಂದು ಹೋದ್ಳ್ರಿ."

ಐದು: ಕಂಬಳಿಯೊಳಗಿನ ಹಿರಿಯ

ನಾನು ತಿಕೋಟಾಕ್ಕೆ ಹೆಚ್ಚು ಭಾನುವಾರ ಹೋಗುತ್ತಿರುವುದು ಬಬಲೇಶ್ವರದವರ ಕಣ್ಣಿಗೆ ಬಿತ್ತು. ಅಲ್ಲಿ ಕೋಳಿ ಊಟ ಸಿಗುತ್ತಿರಬೇಕೆಂದು ಅವರ ಗುಮಾನಿ. ನಿಜ ತಿಳಿದುಕೊಂಡು ಬರಲು ಅಲ್ಲಿಯ ಸಭಾಹಿರಿಯರೊಬ್ಬರೇ ಒಂದು ಭಾನುವಾರ ತಲೆತುಂಬ ಕಂಬಳಿ ಹೊದ್ದು ಬಂದು ಹಿಂದಿನ ಕಂಬಕ್ಕೆ ಒರಗಿ ಕೂತರು. ಧಗೆಗೆ ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದೆವು. ತಿಕೋಟಾದ ಗಂಡಸರು, ಇವನು ಆಪರೇಶನ್ನಿನವನೇ ಇರಬೇಕೆಂದು ಒಬ್ಬೊಬ್ಬರೇ ಬಾಗಿಲ ಕಡೆಗೆ ಸರಿಯತೊಡಗಿದರು. ಆಗ ಆಯಿ ಎದ್ದಳು.

"ಕರ್ತನೇ, ಇಂಥಾ ಝಳದಾಗ ಕಂಬಳಿ ಹೊತ್ತು ಕುಂತಾವಗ ಜ್ವರಾ ಇದ್ರ ವಾಸಿ ಮಾಡು. ಜ್ವರಾ ಇಲ್ಲಂದ್ರ, ಸುರಳೀತ ಬಬಲೇಶ್ವರ ಮುಟ್ಟಸು."

ಕಂಬಳಿ ಮೆಲ್ಲಗೆ ಕೆಳಗಿಳಿಯಿತು. ಹೇಗೆ ಗೊತ್ತಾಯಿತು ಎಂದು ಆಮೇಲೆ ಆಯಿಯನ್ನು ಕೇಳಿದೆ. "ನೀರು ಕುಡದು, ನಮ್ಮ ಬಬಲೇಶ್ವರದ ರುಚಿ ಇದಕ್ಕಿಲ್ಲ ಅಂದ. ಮಾರಿ ಮುಚ್ಚಿಗೊಂಡಿದ್ದ, ಬಾಯಿ ಮುಚ್ಚಿಗೊಂಡಿದ್ದಿಲ್ಲ," ಎಂದಳು.

ಹಿರಿಯರು ಆಯಿಯ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಯ ಉಂಡು ಹೋದರು. ಉಂಡ ಕೈ ತೊಳೆದುಕೊಂಡವರೇ ಪಾದ್ರಿಸಾಹೇಬರಿಗೆ ಕಾಗದ ಬರೆದರು: "ಅಲ್ಲಿ ನಡೆಯುವುದು ಆರಾಧನೆ ಅಲ್ಲ, ಪಂಚಾಯಿತಿ. ಕೋಳಿ ಮಾತ್ರ ಇಲ್ಲ."

ಆರು: ಪಾದ್ರಿಸಾಹೇಬರ ಆಮೆನ್

ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಮುಂಜಾನೆಯ ಬಸ್ಸಿಗೆ ಪಾದ್ರಿಸಾಹೇಬರು ಸ್ವತಃ ಬಂದಿಳಿದರು. ಪ್ರಾರ್ಥನಾ ಮನೆ ತುಂಬಿ, ಕಿಟಕಿಯ ಹೊರಗೂ ಜನ ನಿಂತಿದ್ದರು. ಅವರು ಬಾಗಿಲಲ್ಲೇ ನಿಂತು ನನ್ನ ಕಿವಿಯಲ್ಲಿ ಕೇಳಿದರು:

"ಇವರನ್ನ ಎಲ್ಲಿಂದ ತಂದೀ?"

"ಎಲ್ಲಾರೂ ಇಲ್ಲಿಯವರ್ರಿ," ಎಂದೆ.

ಪರೀಕ್ಷೆ ಮಾಡಿಯೇ ಬಿಡೋಣ ಎಂದು ಅವರು ಕಂಕುಳಿನ ಪುಸ್ತಕ ತೆಗೆದು, ಮುಂದೆ ಕೂತಿದ್ದ ಮೀಸೆಯ ಗೃಹಸ್ಥನನ್ನು "ನೀವು ಯಾವೂರವರು?" ಎಂದರು. ಅವನು ಪುಸ್ತಕ ನೋಡಿದ. ಪೆನ್ನು ನೋಡಿದ. "ಬೀಗರ ಮನಿಗೆ ಬಂದೇನ್ರಿ," ಎಂದುಬಿಟ್ಟ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಪಾದ್ರಿಸಾಹೇಬರು ಬಾವಿ ಕಡೆ ಮನೆಯ ಸೊಸೆಯತ್ತ ತಿರುಗಿ, "ನೀ ಯಾಕ ಬರ್ತೀಯವ್ವಾ ಸಭಾಕ್ಕ?" ಎಂದು ಕೇಳಿದರು.

"ಬರದಿದ್ರ ಆಯಿ ಪ್ರಾರ್ಥನಿ ಮಾಡ್ತಾಳ್ರಿ," ಎಂದಳು, ಪಾಪ, ಇದ್ದದ್ದನ್ನು.

ಅವರು ನನ್ನನ್ನು ಹೊರಗೆ ಕರೆದರು. "ಅಂಜಿಕಿಗೆ ಕೂಡಿದ ಮಂದಿ ಸಭಾ ಅಲ್ಲೋ. ಆರಾಧನಿ ಮುಗದ ಮ್ಯಾಲ ಹೇಳಿಬಿಡ್ತೇನಿ, ಹೊಸ ವರ್ಷದಿಂದ ಇದನ್ನ ಮುಚ್ಚೂದು."

"ಸಾಹೇಬ್ರ, ಇವರು ಒಬ್ಬರ ಮನಿ ನೀರು ಒಬ್ಬರು ಕುಡೀತಿದ್ದಿಲ್ರಿ. ಈಗ ಒಬ್ಬರ ಬ್ಯಾನಿಗೆ ಒಬ್ಬರು ಓಡಿ ಹೋಗ್ತಾರ. ಆಯಿಯ ಗಂಡ ಕಟ್ಟಿದ ಮನಿ ಇದು," ಎಂದೆ. ಅವರು ಒಳಗೆ ಹೋದರು. ಬಾಗಿಲ ಹಿಂದೆ ಕಸಬರಿಗೆ ಇಡುತ್ತ ನಿಂತಿದ್ದ ಆಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಪ್ರಸಂಗ ಮುಗಿಯಿತು. ಪಾದ್ರಿಸಾಹೇಬರು ಕಣ್ಣು ಮುಚ್ಚಿ, ಎಲ್ಲ ಕಡೆ ಹೇಳುವಂತೆ, "ಈಗ ಯಾರಾದ್ರೂ ಒಬ್ಬರು ಪ್ರಾರ್ಥನಿ ಮಾಡ್ರಿ," ಎಂದರು. ಆಯಿ ಎದ್ದಳು. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ವಾರದ ಪಾಪಗಳನ್ನು ನೆನೆಯತೊಡಗಿದರು. ಆದರೆ ಅಂದು ಅವಳು ಯಾರ ಮನೆಯ ಸುದ್ದಿಯನ್ನೂ ಎತ್ತಲಿಲ್ಲ.

"ತಂದೀ, ಈ ಗ್ವಾಡಿಗೆ ನನ್ನ ಗಂಡ ಮಣ್ಣು ತುಳದಾನ, ನಾ ನೀರು ಹೊತ್ತೇನಿ. ಇವರೆಲ್ಲಾ ನನ್ನ ಬಾಯಿಗೆ ಅಂಜಿ ಬರ್ತಾರ, ಖರೇ ಐತಿ. ನಾ ಇನ್ನ ಎಷ್ಟು ದಿನಾ ಇರ್ತೇನಿ? ಆಮ್ಯಾಲ ನಿನಗ ಅಂಜಿ ಬರ್ತಾರ. ಬರೂ ರೂಢಿ ಅಂತೂ ಆಗೇತಿ. ಅದಕ್ಕ ಈ ಬಾಗಲಾ ಮುಚ್ಚೂದಿಲ್ಲಂತ ನಾವೆಲ್ಲಾರೂ, ಪಾದ್ರಿಸಾಹೇಬ್ರೂ ಸೇರಿ, ನಿನ್ನ ಮುಂದ ಇವತ್ತ ಮಾತು ಕೊಡ್ತೇವಿ."

ಮೂವತ್ತು ವರ್ಷ ಸಭೆ ನಡೆಸಿದ ಪಾದ್ರಿಸಾಹೇಬರಿಗೆ ಪ್ರಾರ್ಥನೆ ಎಲ್ಲಿ ಮುಗಿಯುತ್ತದೆಂಬುದು ದನಿಯ ಇಳಿತದಲ್ಲೇ ಗೊತ್ತಾಗುತ್ತಿತ್ತು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ, ಅವರ ಬಾಯಿಂದ ಬಂತು:

"ಆಮೆನ್!"

ಆಮೇಲೆ ಕಣ್ಣು ತೆರೆದು ನೋಡಿದರು. ಒಳಗೆ, ಕಿಟಕಿಯ ಹೊರಗೆ, ಇಡೀ ಸಭೆಯೇ ಕಣ್ಣು ಬಿಟ್ಟುಕೊಂಡು ಅವರನ್ನೇ ನೋಡುತ್ತಿತ್ತು. ಅವರ ಮುಖ ಕೆಂಪಾಯಿತು.

"ಅದು... ರೂಢಿ ಮ್ಯಾಲ ಬಂತವಾ. ನಾ ಬೇಕಂತ ಅಂದಿದ್ದಲ್ಲ."

ಆಯಿ ಸೆರಗು ಸರಿಮಾಡಿಕೊಂಡು ಕೂತಳು.

"ಅಡ್ಡಿಯಿಲ್ರಿ ಸಾಹೇಬ್ರ. ಬೇಕಂತ ಅಂದಿದ್ದಲ್ಲ ಅಂತ ಈಗ ನೀವ ಒಂದು ಪ್ರಾರ್ಥನಿ ಮಾಡಿ ದೇವರಿಗೆ ಹೇಳ್ರಿ. ನಾವು ಆಮೆನ್ ಅಂತೇವೋ ಇಲ್ಲೋ ನೋಡೂಣು."