ಸೀರೆ ಕಪಾಟಿನಲ್ಲಿ ಆಂಪ್ಲಿಫೈಯರ್

ಇಂದು ಭಾನುವಾರ. ಬೆಳಿಗ್ಗೆ ಎದ್ದು ದೋಸೆ ಹುಯ್ದೆ, ಬಾಲ್ಕನಿಯ ತುಳಸಿಗೆ ನೀರು ಹಾಕಿದೆ, ಫ್ರಿಜ್ಜಿನ ಹಿಂದೆ ಉರುಳಿದ್ದ ನಿಂಬೆಹಣ್ಣನ್ನು ಪೊರಕೆಯ ಹಿಡಿಯಿಂದ ಎಳೆದೆ, ಇಸ್ತ್ರಿಯವನಿಗೆ ಬಟ್ಟೆಯ ಗಂಟು ಕಟ್ಟಿಟ್ಟೆ, ಬಸಳೆ ಹೆಚ್ಚಿದೆ, ವಾಶಿಗೆ ಹೋಗಿ ಗಿಟಾರಿನ ಆಂಪ್ಲಿಫೈಯರ್ ಒಂದನ್ನು ವಾಪಸು ಕೊಟ್ಟು ಇನ್ನೊಂದನ್ನು ತಂದೆ, ಬಂದು ಬಸಳೆಗೆ ಮಸಾಲೆ ಅರೆದೆ. ಇದರಲ್ಲಿ ಒಂದು ಕೆಲಸ ಬಿಟ್ಟರೆ ಉಳಿದವನ್ನೆಲ್ಲ ಕಣ್ಣು ಮುಚ್ಚಿ ಮಾಡಬಲ್ಲೆ. ಆ ಒಂದನ್ನು ಮಾತ್ರ ಕಳೆದ ವಾರ ಕಣ್ಣು ಬಿಟ್ಟುಕೊಂಡೇ ಕೆಡಿಸಿದ್ದೆ.

ನಾನು ಏನನ್ನೇ ಕೊಳ್ಳಲಿ, ಬೇಕಾದ್ದಕ್ಕಿಂತ ಒಂದು ಸೈಜು ದೊಡ್ಡದನ್ನೇ ಕೊಳ್ಳುತ್ತೇನೆ. ಮುಂಬಯಿ ಕಡೆ ಸಂಸಾರ ಹೂಡಿದ ನಮ್ಮ ಕುಂದಾಪುರದವರ ಪೈಕಿ ಇದು ನನ್ನೊಬ್ಬಳ ಚಾಳಿಯಲ್ಲ. ನೆರೂಳದ ನಮ್ಮ ಮನೆಗೆ ಇರುವುದು ಒಂದೇ ಬೆಡ್‌ರೂಮು, ಇರುವವರು ಮೂರೇ ಜನ. ಆದರೆ ಕುಕ್ಕರು ನೋಡಿದರೆ ಪಂಕ್ತಿಗೆ ಬಡಿಸಬಹುದು. ಗ್ರೈಂಡರು ಎಷ್ಟು ದೊಡ್ಡದೆಂದರೆ, ಅದು ತಿರುಗುವಾಗ ನಾವು ಪಕ್ಕಕ್ಕೆ ಸರಿದು ನಿಲ್ಲುತ್ತೇವೆ. ಊರಿಂದ ಯಾರು ಯಾವಾಗ ಬ್ಯಾಗು ಹಿಡಿದು ಇಳಿಯುತ್ತಾರೋ ಹೇಳಲಾಗದು. ಮದುವೆಯ ಜವಳಿಗೆಂದು ಒಬ್ಬರು, ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ಇನ್ನೊಬ್ಬರು. ಬಂದವರಿಗೆ ಅನ್ನ ಸಾಲದಾದರೆ, ಅವರು ವಾಪಸು ರೈಲು ಹತ್ತುವ ಮೊದಲೇ ಸುದ್ದಿ ಊರು ಮುಟ್ಟಿರುತ್ತದೆ.

ಈ ಬುದ್ಧಿಯನ್ನೇ ಇಟ್ಟುಕೊಂಡು ಮಗಳ ಗಿಟಾರಿನ ವಿಷಯಕ್ಕೂ ಕೈಹಾಕಿದೆ. ಅನ್ವಿತಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಅವಳದು ಕರೆಂಟಿನ ಗಿಟಾರು. ಆಂಪ್ಲಿಫೈಯರ್ ಇಲ್ಲದೆ ನುಡಿಸಿದರೆ ಕೊಡೆಯ ಕಡ್ಡಿ ಮೀಟಿದ ಹಾಗೆ ಕೇಳುತ್ತದೆ. ಅವಳೂ ಗೆಳತಿಯರೂ ಸೇರಿ ತಾವೇ ಒಂದು ಹಾಡು ಕಟ್ಟಿದ್ದಾರೆ. ಅವರವರ ಪಾಲನ್ನು ಅವರವರ ಮನೆಯಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ಇವಳು ಕಂಪ್ಯೂಟರಿಗೇ ತಂತಿ ಸಿಕ್ಕಿಸಿ ಕಳಿಸಿದ್ದನ್ನು ಕೇಳಿ, ಜೀವವೇ ಇಲ್ಲ ಅಂದರಂತೆ. ಈ ಭಾನುವಾರ ಸಂಜೆಯೊಳಗೆ ಸರಿಯಾದದ್ದು ಬಾರದಿದ್ದರೆ ಇವಳ ಪಾಲು ಶಹಾಡ್‌ನ ಇನ್ನೊಬ್ಬ ಹುಡುಗಿಗೆ. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಂಕಟ ಇಲ್ಲ.

ಕಳೆದ ಭಾನುವಾರ ಮೂವರೂ ಅಂಗಡಿಗೆ ಹೋದೆವು. ಅವಳು ನೇರ ಹೋಗಿ ನಿಂತದ್ದು ಟಿಫಿನ್ ಡಬ್ಬಿಯಷ್ಟಿದ್ದ ಒಂದು ಪೆಟ್ಟಿಗೆಯ ಮುಂದೆ. ನಾನು ನಿಂತದ್ದು ಅದರ ಪಕ್ಕದ, ನಮ್ಮ ಗ್ರೈಂಡರಿಗೆ ತಮ್ಮನಂತಿದ್ದ ಇನ್ನೊಂದರ ಮುಂದೆ. ಬೆರಳ ಗೆಣ್ಣಿನಿಂದ ಎರಡನ್ನೂ ತಟ್ಟಿ ನೋಡಿದೆ. ದೊಡ್ಡದರ ಸದ್ದು ಬಲಿತ ಹಲಸಿನಂತಿತ್ತು.

"ಮಮ್ಮಿ, ಯೇ ಕುಕ್ಕರ್ ನಹೀ ಹೈ," ಅಂದಳು ಮಗಳು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲೇ. ದೊಡ್ಡದರ ದನಿ ತೆರೆದುಕೊಳ್ಳಬೇಕಾದರೆ ಗುಂಡಿಯನ್ನು ಅರ್ಧಕ್ಕಾದರೂ ತಿರುಗಿಸಬೇಕು, ಮನೆಯಲ್ಲಿ ಅದು ಆಗುವ ಮಾತಲ್ಲ, ಚಿಕ್ಕದಾದರೆ ಪೂರ್ತಿ ತಿರುಗಿಸಿದರೂ ನಡೆಯುತ್ತದೆ ಎಂದು ವಿವರಿಸಿದಳು.

ನಮ್ಮವರು ಧಾರವಾಡದ ಕಡೆಯವರು, ಮಾತು ಕಡಿಮೆ. "ಆಕಿ ಬಾರ್ಸೋದು ಒಂದ ಖೋಲ್ಯಾಗ. ನೀ ತಗೊಳ್ಳಾಕತ್ತಿದ್ದು ಜಾತ್ರಿಗೆ," ಅಂದರು.

"ನೀವು ಸುಮ್ನಿರಿ ಮಾರಾಯ್ರೆ. ನಾಳೆ ಗಣಪತಿಗೆ ಸೊಸೈಟಿಯವ್ರು ಬಾರಿಸು ಅಂದ್ರೆ ಎಂತ ಮಾಡೂದು?" ಅಂದೆ. ಅಂಗಡಿಯವನಿಗೂ ನನ್ನ ಮಾತೇ ಸರಿ ಕಂಡಿತು. ದೊಡ್ಡದು ರಿಕ್ಷಾದಲ್ಲಿ ನಮ್ಮೊಡನೆ ಬಂತು; ರಿಕ್ಷಾದಲ್ಲಿ ಜಾಗ ಸಾಲದೆ ನಮ್ಮವರು ಬಸ್ಸಿನಲ್ಲಿ ಬಂದರು.

ಮನೆಯಲ್ಲಿ ಗುಂಡಿ ತುಸುವೇ ತಿರುಗಿಸಿದರೆ ಗಿಟಾರು ಕಂಬಳಿಯೊಳಗೆ ಬಾಯಿ ಹುದುಗಿಸಿ ಮಾತಾಡಿದಂತಿತ್ತು. ಇನ್ನಷ್ಟು ತಿರುಗಿಸು ಅಂದವಳೂ ನಾನೇ. ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಸದ್ದು ಮಾಡಬಾರದೆಂಬ ನಿಯಮವಿದೆ. ಆಗಷ್ಟೇ ಎರಡು ದಾಟಿತ್ತು. ಕೆಳಗಿನ ಮನೆಯ ಜೋಶಿ ಆಜಿ ಮೆಟ್ಟಿಲು ಹತ್ತಿ ಬಂದು, "ಅಹೋ, ಮಾಝಾ ಪಲಂಗ್ ಹಲತೋಯ್!" ಎಂದು ತಮ್ಮ ಮಂಚ ಹೇಗೆ ಅಲುಗಿತೆಂಬುದನ್ನು ಎರಡೂ ಕೈಯಲ್ಲಿ ಅಭಿನಯಿಸಿ ತೋರಿಸಿದರು. ಸಂಜೆಗೆ ಸೆಕ್ರೆಟರಿ ಬಂದರು: ಇನ್ನೊಂದು ದೂರು ಬಂದರೆ ಮನೆಯಲ್ಲಿ ಗಿಟಾರು ಬಂದ್. ವಾರವಿಡೀ ಆ ಪೆಟ್ಟಿಗೆಯ ಮೇಲೆ ನಾನು ಒಗೆದ ಬಟ್ಟೆ ಮಡಿಸಿಟ್ಟೆ. ಆ ಕೆಲಸಕ್ಕೆ ಅದು ಚೆನ್ನಾಗಿತ್ತು.

ಹಾಗಾಗಿ ಇಂದು ಬೆಳಿಗ್ಗೆ ದೊಡ್ಡದು ಹೋಗಿ ಚಿಕ್ಕದು ಬಂತು. ಅದನ್ನು ಎಲ್ಲಿಡುವುದು? ಮಗಳು ಮನೆಯೆಲ್ಲ ಸುತ್ತಿ, ಬೆಡ್‌ರೂಮಿನ ನನ್ನ ಸೀರೆ ಕಪಾಟು ತೆರೆದು, ಸೀರೆಗಳ ನಡುವೆ ಆಂಪ್ಲಿಫೈಯರನ್ನು ಕೂರಿಸಿ, ಎದುರಿಗೆ ಮೈಕು ಇಟ್ಟಳು. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದಂತೆ. ಇಷ್ಟು ಸೀರೆಯಿರುವ ಮನೆ ರೆಕಾರ್ಡಿಂಗಿಗೆ ಹೇಳಿ ಮಾಡಿಸಿದ್ದಂತೆ. ನಾನು ನಮ್ಮವರ ಮುಖ ನೋಡಿದೆ. ಮದುವೆಯಾದಾಗಿನಿಂದ ಆ ಕಪಾಟಿನ ಬಗ್ಗೆ ಅವರಿಗಿದ್ದ ತಕರಾರು ಇವತ್ತಿಗೆ ಇತ್ಯರ್ಥವಾಯಿತು.

ಊಟ ಮುಗಿಯುವಾಗ ಮತ್ತೆ ಅದೇ ಎರಡು ಗಂಟೆ. ಸಂಜೆಯೊಳಗೆ ಕಳಿಸಬೇಕು, ನಾಲ್ಕರ ತನಕ ಕಾದರೆ ಹೊತ್ತು ಸಾಲದು, ಕೆಳಗೆ ಆಜಿ. ಬೇರೆ ದಾರಿ ಇರಲಿಲ್ಲ. ಯಾರೂ ಬೆಲ್ ಒತ್ತದಂತೆ ಕಾಯಲು ನಮ್ಮವರು ಬಾಗಿಲ ಹೊರಗೆ ಸ್ಟೂಲು ಹಾಕಿ ಕುಳಿತರು. ಫ್ಯಾನು ಬಂದ್. ಬಳೆ ಸದ್ದಾಗುತ್ತದೆಂದು ತೆಗೆದಿಟ್ಟೆ. ಮಂಚ ಕಿರ್ರೆನ್ನುತ್ತದೆ, ಅಲುಗಾಡಬೇಡ ಅಂದಳು ಮಗಳು. ಕೂತರೆ ಅಲುಗಾಡುತ್ತೇನೆಂದು ಒರಗಿಕೊಂಡೆ. ಅವಳು ನುಡಿಸತೊಡಗಿದಳು. ರೇಷ್ಮೆಯ ಒಳಗಿಂದ ದನಿ ಬೆಚ್ಚಗೆ ಬಂತು.

ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದವಳು ಹುಬ್ಬು ಗಂಟಿಕ್ಕಿ, "ಮಮ್ಮಿ, ಸುನ್," ಎಂದು ಅದನ್ನು ನನ್ನ ತಲೆಗೆ ಸಿಕ್ಕಿಸಿದಳು. ಗಿಟಾರು ಚೆನ್ನಾಗಿಯೇ ಇತ್ತು. ಅದರ ಅಡಿಯಲ್ಲಿ ತಂಬೂರಿಯಂತೆ ನಿಧಾನವಾಗಿ ಒಂದು ಘರಘರ. ಬಾಗಿಲಿಗೆ ಧಾವಿಸಿದೆ. "ಎಂತದ್ದು ಮಾರಾಯ್ರೆ, ಕಾಯ್ಲಿಕ್ಕೆ ಕೂರಿಸಿದ್ರೆ ಗೊರಕೆ ಹೊಡೆದ್ರಾ?"

"ಬಾಗಲಾ ಹಾಕ್ಕೊಂಡವರು ನೀವು. ನಾ ಹೊರಗ ಪೇಪರ್ ಓದ್ಲಿಕತ್ತಿದ್ದೆ," ಅಂದರು ಅವರು, ಕನ್ನಡಕ ತೆಗೆಯದೆ. ಒಳಗಿದ್ದ ಇಬ್ಬರಲ್ಲಿ ಮಗಳು ಗಿಟಾರು ನುಡಿಸುತ್ತಿದ್ದಳು.

ಎರಡನೆಯ ಸಲದ ರೆಕಾರ್ಡಿಂಗಿಗೆ ಮಗಳು ನನ್ನನ್ನೂ ಹೊರಗೆ ಕಳಿಸಿದಳು. ಸಂಜೆಗೆ ಮುಂಚೆ ಅವಳು ಅದನ್ನು ಕಳಿಸಿದಳು, ಪಾಲು ಅವಳಿಗೇ ಉಳಿಯಿತು. ನಾಲ್ಕು ದಾಟಿದ ಮೇಲೆ ಕೊತ್ತಂಬರಿ ಕೇಳಲು ಬಂದ ಜೋಶಿ ಆಜಿ, ಇವತ್ತು ಹುಡುಗಿ ಬಾರಿಸಲಿಲ್ಲವೇ ಎಂದು ವಿಚಾರಿಸಿದರು.

ರಾತ್ರಿಯ ಊಟಕ್ಕೂ ಬಸಳೆ ಹುಳಿ, ಕುಚ್ಚಲಕ್ಕಿ ಅನ್ನ, ಹಪ್ಪಳ. ಮಗಳು ಎರಡು ಸಲ ಬಡಿಸಿಕೊಂಡಳು. ಮೊದಲ ಸಲದ ರೆಕಾರ್ಡಿಂಗಿನಲ್ಲಿ ಗೊರಕೆ ಹೊಡೆದವರು ಯಾರೆಂಬುದು ಅವಳ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ಆ ದನಿಗೆ ಚಿಕ್ಕ ಆಂಪ್ಲಿಫೈಯರೂ ಬೇಕಾಗಿರಲಿಲ್ಲ.